ಕುಸ್ಕೊದಿಂದ ಒಂದು ದಿನ: ಇಂಕಾ ಕಣಿವೆಯನ್ನು ಓಡದೆ ನೋಡುವುದು ಹೇಗೆ?

ಪೆರುವಿಗೆ ಹೋಗುವ ನಮ್ಮವರು ಇಂಕಾ ಅರಸರ ಕಾಲದ ಬೆಟ್ಟದೂರು ಮಾಚು ಪಿಚುವಿನ ಟಿಕೆಟನ್ನು ತಿಂಗಳುಗಟ್ಟಲೆ ಮೊದಲೇ ತೆಗೆದಿಟ್ಟುಕೊಳ್ಳುತ್ತಾರೆ. ಅದರ ದಾರಿಯಲ್ಲೇ ಸಿಗುವ ಇಂಕಾಗಳ 'ಪವಿತ್ರ ಕಣಿವೆ'ಯನ್ನು ಮಾತ್ರ ಕುಸ್ಕೊ ನಗರದಲ್ಲಿ ಇಳಿದ ಸಂಜೆ, ಅಗ್ಗಕ್ಕೆ ಸಿಕ್ಕಿತೆಂದು ಯಾವುದೋ ಏಜೆನ್ಸಿಯಲ್ಲಿ ಬುಕ್ ಮಾಡುತ್ತಾರೆ. ಮರುದಿನ ಐದು ಜಾಗ ಸುತ್ತಿ, ರಾತ್ರಿ ತಲೆನೋವಿನೊಂದಿಗೆ ಮಲಗುತ್ತಾರೆ. ಏನು ನೋಡಿದಿರಿ ಅಂತ ಕೇಳಿದರೆ ವ್ಯಾನ್ ನಿಲ್ಲಿಸಿದ ಬೆಳ್ಳಿ ಅಂಗಡಿಯೊಂದೇ ನೆನಪಿರುತ್ತದೆ!

1. ದಿನ ಆರಿಸಿ. ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಹೆಚ್ಚುಕಡಿಮೆ ಲೇಹ್‌ನಷ್ಟು. ನಮ್ಮ ಮುಳ್ಳಯ್ಯನಗಿರಿಯ ತುದಿಯೇ 2,000 ಮೀಟರ್ ಮುಟ್ಟುವುದಿಲ್ಲ. ಸಮುದ್ರದ ಪಕ್ಕದ ಲಿಮಾದಿಂದ ವಿಮಾನದಲ್ಲಿ ಬಂದಿಳಿದ ಮರುದಿನವೇ ಟೂರ್ ಹೊರಡಬೇಡಿ. ಮೊದಲ ದಿನ ಸುಮ್ನೆ ಇರಿ. ಚೆನ್ನಾಗಿ ನೀರು ಕುಡಿಯಿರಿ, ಕಡಿಮೆ ತಿನ್ನಿ, ಬಿಯರ್ ಬೇಡ. ಎತ್ತರದ ಕಾಯಿಲೆಗೆ ಅಲ್ಲಿ ಸೊರೊಚೆ ಅನ್ನುತ್ತಾರೆ. ಅದಕ್ಕೆ ಅಸಿಟಜೋಲಮೈಡ್ ಮಾತ್ರೆ ಬೇಕೋ ಬೇಡವೋ ಅಂತ ಊರಲ್ಲೇ ಡಾಕ್ಟರನ್ನು ಕೇಳಿ. ಸಲ್ಫಾ ಅಲರ್ಜಿ ಇದ್ದರೆ ಮರೆಯದೆ ಹೇಳಿ. ಅಲ್ಲಿನ ಔಷಧಿ ಅಂಗಡಿಗಳಲ್ಲಿ ಆಕ್ಸಿಜನ್ ತುಂಬಿದ ಪುಟ್ಟ ಡಬ್ಬಿ ಮಾರುತ್ತಾರೆ. ಅದಕ್ಕೆ ದುಡ್ಡು ಸುರಿಯಬೇಡಿ, ನಾಲ್ಕು ಸಲ ಎಳೆಯುವಷ್ಟರಲ್ಲಿ ಖಾಲಿ. ಕೂತಲ್ಲೇ ಏದುಸಿರು ಬಂದರೆ ಟೂರ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಕಡಿಮೆ, ಹಿಮದ ಶಿಖರಗಳು ಕಾಣುತ್ತವೆ.

2. ದುಡ್ಡು ಕೊಡುವ ಮೊದಲು ಕೇಳಿ. ಎಲ್ಲರೂ ಎಡವುವುದು ಇಲ್ಲೇ. ಪ್ಲಾಸಾ ದೆ ಅರ್ಮಾಸ್ ಚೌಕದ ಸುತ್ತ ಏಜೆನ್ಸಿಗಳಿಗೆ ಲೆಕ್ಕವಿಲ್ಲ. ಬೋರ್ಡಿನ ಮೇಲಿನ ರೇಟು ಕಡಿಮೆಯೇ ಇರುತ್ತದೆ, ಯಾಕೆಂದರೆ ಅದರಲ್ಲಿ ಪ್ರವೇಶ ಟಿಕೆಟ್ ಸೇರಿರುವುದಿಲ್ಲ.

ಆ ಟಿಕೆಟ್ಟಿನ ಹೆಸರು ಬೊಲೆತೊ ತುರಿಸ್ತಿಕೊ. ಕಣಿವೆ ಟೂರಿನ ಇಂಕಾ ಜಾಗಗಳಾದ ಪಿಸಾಕ್, ಓಯಾಂತಾಯ್ತಾಂಬೊ, ಚಿಂಚೇರೊ, ಮೊರಾಯ್ ನಾಲ್ಕಕ್ಕೂ ಅದೇ ಬೇಕು. ಕುಸ್ಕೊ ಸುತ್ತಲಿನ ಜಾಗಗಳೂ ಸೇರಿದ ಪೂರ್ತಿ ಟಿಕೆಟ್ 10 ದಿನ ನಡೆಯುತ್ತದೆ. ಕಣಿವೆಗೆ ಮಾತ್ರ ಸಿಗುವ ಅರ್ಧ ಟಿಕೆಟ್ 2 ದಿನದ್ದು. ಐದನೆಯ ಜಾಗವಾದ ಮಾರಾಸ್ ಉಪ್ಪಿನ ಮಡಿಗಳು ಇದರಲ್ಲಿ ಬರುವುದಿಲ್ಲ. ಅವು ಊರವರದ್ದು, ಬೇರೆ ಟಿಕೆಟ್. ಪೆರುವಿನ ಹಣ ಸೋಲ್, ಅದರ ನೋಟು ಚಿಲ್ಲರೆಯಾಗಿ ಇಟ್ಟುಕೊಂಡಿರಿ.

ಆಮೇಲೆ ಈ ಪ್ರಶ್ನೆಗಳನ್ನು ಬಾಯಿಬಿಟ್ಟು ಕೇಳಿ. ಪಿಸಾಕ್‌ನಲ್ಲಿ ಎಷ್ಟು ಹೊತ್ತು? ಒಂದು ಗಂಟೆಗಿಂತ ಕಡಿಮೆ ಅಂದರೆ ಎದ್ದು ಬನ್ನಿ. ಬೆಟ್ಟದ ಮೇಲಿನ ಪಾಳು ಕೋಟೆಗೆ ಹೋಗುತ್ತೀರೋ, ಕೆಳಗಿನ ಸಂತೆಗೆ ಮಾತ್ರವೋ? ಗೈಡ್ ಇಂಗ್ಲಿಷ್‌ಗೇ ಬೇರೆ ಇದ್ದಾರೋ, ಇಲ್ಲ 'ಎರಡೂ ಭಾಷೆ'ಯವರೋ? ಎರಡೂ ಭಾಷೆ ಅಂದರೆ ಸ್ಪ್ಯಾನಿಷ್‌ನಲ್ಲಿ ಹತ್ತು ನಿಮಿಷದ ಕಥೆ, ಇಂಗ್ಲಿಷ್‌ನಲ್ಲಿ ಎರಡು ವಾಕ್ಯ. ಅಂಗಡಿಯಲ್ಲಿ ಎಷ್ಟು ಸಲ ನಿಲ್ಲಿಸುತ್ತೀರಿ? ಇಲ್ಲವೇ ಇಲ್ಲ ಅಂದರೆ ನಂಬಬೇಡಿ, ಒಂದೇ ಸಲ ಅಂದರೆ ಸರಿ. ಅಲ್ಲಿ 'ಬೇಬಿ ಅಲ್ಪಾಕಾ' (ಅಲ್ಪಾಕಾ ಪ್ರಾಣಿಯ ನಯವಾದ ಉಣ್ಣೆ) ಅಂತ ತೀರಾ ಅಗ್ಗಕ್ಕೆ ತೋರಿಸುವ ಸ್ವೆಟರ್ ಬಹುಪಾಲು ಅಕ್ರಿಲಿಕ್. ಕೊನೆಯದು: ಸಂಜೆ ನನ್ನನ್ನು ಓಯಾಂತಾಯ್ತಾಂಬೊದಲ್ಲೇ ಇಳಿಸುತ್ತೀರಾ? ಹೌದು ಎಂದರೆ ರಸೀದಿಯ ಮೇಲೆ ಬರೆಸಿಕೊಳ್ಳಿ. ಬಾಯಿಮಾತಿನ ಒಪ್ಪಂದ ಮರುದಿನದ ಡ್ರೈವರ್‌ಗೆ ಗೊತ್ತಿರುವುದಿಲ್ಲ.

ಐದೂ ಜಾಗ ಒಂದೇ ದಿನ ಅನ್ನುವ ಪ್ಯಾಕೇಜ್ ಮಾತ್ರ ಬೇಡವೇ ಬೇಡ. ಪಿಸಾಕ್ ಮತ್ತು ಓಯಾಂತಾಯ್ತಾಂಬೊ ಒಂದು ದಿನಕ್ಕೆ ಧಾರಾಳ. ಇನ್ನೊಂದು ದಿನ ಇದ್ದರೆ ಮೊರಾಯ್, ಮಾರಾಸ್. ಮಳೆಗಾಲದಲ್ಲಿ ಮಾರಾಸ್ ಮಡಿಗಳು ಬೆಳ್ಳಗೆ ಹೊಳೆಯುವುದಿಲ್ಲ, ಕೆಸರು ಬಣ್ಣ. ಆಗ ಅದನ್ನು ಬಿಟ್ಟರೂ ನಷ್ಟವಿಲ್ಲ.

ಗೈಡೇ ಬೇಡ ಅನ್ನುವವರಿಗೆ ಅಡ್ಡದಾರಿ ಇದೆ. ಕುಸ್ಕೊದ ಪುಪುತಿ ಬೀದಿಯಿಂದ ಪಿಸಾಕ್‌ಗೆ, ಪಾವಿತೋಸ್ ಬೀದಿಯಿಂದ ಓಯಾಂತಾಯ್ತಾಂಬೊಗೆ ಕೊಲೆಕ್ತಿವೊ ಎಂಬ ಶೇರ್ ವ್ಯಾನ್ ಹೊರಡುತ್ತವೆ. ಅಗ್ಗ. ಆದರೆ ಕಲ್ಲಿನ ಕಥೆ ಹೇಳುವವರಿಲ್ಲದೆ ಇದ್ದರೆ ಕಲ್ಲು ಬರೀ ಕಲ್ಲೇ, ಅಲ್ವಾ? ನನ್ನ ಕೇಳಿದರೆ ಗೈಡ್ ಇರಲಿ.

3. ಹತ್ತುವಾಗ. ಟೋಪಿ, ಸನ್‌ಸ್ಕ್ರೀನ್, ನೀರು, ಮಳೆ ಕೋಟು. ಪಿಸಾಕ್‌ನಲ್ಲಿ ಬೆಟ್ಟದ ಮೈತುಂಬ ಮೆಟ್ಟಿಲು ಗದ್ದೆಗಳು. ಎದುರಿನ ಬಂಡೆಯಲ್ಲಿ ಕಾಣುವ ತೂತುಗಳು ಇಂಕಾ ಕಾಲದ ಸಮಾಧಿಗಳು.

ಓಯಾಂತಾಯ್ತಾಂಬೊದಲ್ಲಿ ಗುಂಪಿನ ಜೊತೆ ಪೈಪೋಟಿಗೆ ಬಿದ್ದು ಹತ್ತಬೇಡಿ. ಇಪ್ಪತ್ತು ಮೆಟ್ಟಿಲಿಗೊಮ್ಮೆ ನಿಲ್ಲಿ. ಮೇಲೆ ಸಾಲಾಗಿ ನಿಂತ ಆರು ದೊಡ್ಡ ಕಲ್ಲುಗಳಿವೆ. ಎಲ್ಲರೂ ಫೋಟೊ ತೆಗೆದು ಇಳಿದುಬಿಡುತ್ತಾರೆ. ನೀವು ಹತ್ತಿರ ಹೋಗಿ ನೋಡಿ. ಎರಡು ಕಲ್ಲಿನ ನಡುವೆ ಕಿರಿದಾದ ಕಲ್ಲಿನ ಪಟ್ಟಿ ಕೂರಿಸಿದ್ದಾರೆ. ಒಂದು ಕಲ್ಲಿನ ಮುಖದಲ್ಲಿ ಮೆಟ್ಟಿಲಾಕಾರದ ಕೆತ್ತನೆ ಸವೆದು ಉಳಿದಿದೆ. ಕಲ್ಲು ತಂದದ್ದು ಉರುಬಾಂಬಾ ನದಿಯಾಚೆಯ ಕಾಚಿಕಾಟಾ ಗಣಿಯಿಂದ. ಕಟ್ಟುವ ಕೆಲಸ ಮುಗಿಯಲೇ ಇಲ್ಲ, ದಾರಿಯಲ್ಲಿ ಬಿಟ್ಟ ಬಂಡೆಗಳು ಇನ್ನೂ ಬಿದ್ದಿವೆ. ಸ್ಪ್ಯಾನಿಷರು ಬಂದ ಮೇಲೆ ಇಂಕಾ ಅರಸ ಮಾಂಕೊ ಇಂಕಾ ಇದೇ ಮೆಟ್ಟಿಲುಗಳ ಮೇಲೆ ನಿಂತು, ಕೆಳಗಿನ ಬಯಲಿಗೆ ನದಿ ನೀರು ಹರಿಸಿ ಅವರ ದಂಡನಾಯಕ ಎರ್ನಾಂದೊ ಪಿಸಾರೊನ ಸೈನ್ಯವನ್ನು ಹಿಂದಕ್ಕಟ್ಟಿದ.

4. ಊಟ. ಸಸ್ಯಾಹಾರಿ ಅಂದರೆ ಸಾಲದು. 'ಸಿನ್ ಕಾರ್ನೆ, ಸಿನ್ ಪೊಯೊ, ಸಿನ್ ಪೆಸ್ಕಾದೊ' ಅನ್ನಿ, ಅಂದರೆ ಮಾಂಸ, ಕೋಳಿ, ಮೀನು ಮೂರೂ ಬೇಡ. ಕಿನ್ವಾ ಸೂಪ್ ನೋಡಲು ಸಾಧು, ಕೋಳಿ ಬೇಯಿಸಿದ ನೀರಲ್ಲೇ ಮಾಡಿರಬಹುದು. ದಾರಿ ಬದಿ ಮಾರುವ ದಪ್ಪ ಕಾಳಿನ ಬೆಂದ ಜೋಳ ಮತ್ತು ಚೀಸ್ ನನಗೆ ಯಾವ ಬಫೆಗಿಂತಲೂ ಇಷ್ಟ.

5. ವಾಪಸ್ ಹೋಗಬೇಡಿ. ಸಂಜೆ ಓಯಾಂತಾಯ್ತಾಂಬೊದಲ್ಲೇ ಉಳಿಯಿರಿ. ಕುಸ್ಕೊಗಿಂತ ಸುಮಾರು 600 ಮೀಟರ್ ಕೆಳಗಿದೆ, ನಿದ್ದೆ ಚೆನ್ನಾಗಿ ಬರುತ್ತದೆ. ಮಾಚು ಪಿಚುವಿನ ರೈಲು ಇಲ್ಲಿಂದಲೇ ಸಿಗುತ್ತದೆ. ದೊಡ್ಡ ಸೂಟ್‌ಕೇಸ್ ಕುಸ್ಕೊ ಹೋಟೆಲಿನಲ್ಲೇ ಬಿಟ್ಟು ಚಿಕ್ಕ ಬ್ಯಾಗ್ ತನ್ನಿ.

ಹೋಟೆಲಿನಲ್ಲಿ ಕೊಡುವ ಕೋಕಾ ಎಲೆಯ ಚಹಾ ಅಲ್ಲೇ ಕುಡಿಯಿರಿ, ಅಲ್ಲಿ ಅದು ಮಾಮೂಲು. ಆದರೆ ನೆಂಟರಿಗೆ ಅಂತ ಅದರ ಪೊಟ್ಟಣ ಊರಿಗೆ ತರಬೇಡಿ. ನಮ್ಮಲ್ಲಿ ಕೋಕಾ ಎಲೆ 1985ರ ಮಾದಕ ವಸ್ತು ಕಾಯ್ದೆಯಡಿ ಬರುತ್ತದೆ. ಉಡುಗೊರೆಗೆ ಮಾರಾಸ್ ಉಪ್ಪು ಸಾಕು.