ವಾರ್‌ಕ್ರಾಫ್ಟ್ ಬಿಟ್ಟು ನಾನು ಹಿಡಿದ ಆಟ

ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಬೇಜಾರಾಗಿ ಬಿಟ್ಟಿದ್ದಲ್ಲ. ಮಗಳು ಹುಟ್ಟಿದಳು, ಅಷ್ಟೇ. ನಮ್ಮ ಗಿಲ್ಡ್, ಅಂದರೆ ಆಟದೊಳಗಿನ ಬಳಗ, ಯುರೋಪಿನವರದು. ಅವರ ರಾತ್ರಿ ಎಂಟು ಗಂಟೆಯ ರೇಡ್ (ಬಾಸ್ ಅನ್ನುವ ದೊಡ್ಡ ವೈರಿಯ ಮೇಲೆ ತಂಡ ಕಟ್ಟಿಕೊಂಡು ಹೋಗುವ ದಾಳಿ) ಅಂದರೆ ಚಳಿಗಾಲದಲ್ಲಿ ಬೆಂಗಳೂರಿನ ನನಗೆ ಹನ್ನೆರಡೂವರೆ. ಒಂದಿನ ಬಾಸ್‌ನ ಜೀವ ಇನ್ನೇನು ಹತ್ತು ಪರ್ಸೆಂಟ್ ಇದೆ ಅನ್ನುವಾಗ ತೊಟ್ಟಿಲಿನಿಂದ ಅಳು ಕೇಳಿಸಿತು. ನಾನು ಹೀಲರ್, ತಂಡದವರ ಗಾಯ ವಾಸಿ ಮಾಡಿ ಉಳಿಸುವವನು. ಎದ್ದು ಹೋದೆ. ವಾಪಸ್ ಬರುವಷ್ಟರಲ್ಲಿ ಇಡೀ ತಂಡ ಅಂಗಾತ ಬಿದ್ದಿತ್ತು. ಯಾರೂ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು.

ಆಡದ ತಿಂಗಳಿಗೂ ಚಂದಾ ಕಟ್ಟುತ್ತಿದ್ದೆ. ಅದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು. ನಾಲ್ಕಾರು ತಿಂಗಳು ಬಿಟ್ಟು ಬಂದರೆ, ನಿದ್ದೆಗೆಟ್ಟು ಗಳಿಸಿದ ಕತ್ತಿ, ಕವಚ ಎಲ್ಲ ಹೊಸ ಸೀಸನ್ನಿನ ಮುಂದೆ ಗುಜರಿ. ಹಾಗಾಗಿ ಬೇರೆ ಆಟ ಹುಡುಕುವಾಗ ಗ್ರಾಫಿಕ್ಸ್ ನೋಡಲಿಲ್ಲ. ಮೂರು ತಿಂಗಳು ಮುಟ್ಟದೆ ಇದ್ದು ಬಂದರೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾ? ಅದೊಂದೇ ನೋಡಿದೆ.

ಮೊದಲು ಫೈನಲ್ ಫ್ಯಾಂಟಸಿ 14. ಇದರ ಫ್ರೀ ಟ್ರಯಲ್‌ಗೆ ದಿನಗಳ ಲೆಕ್ಕ ಇಲ್ಲ, 70ನೇ ಲೆವೆಲ್‌ವರೆಗೆ ಸುಮ್ನೆ ಆಡಬಹುದು. ಒಂದೇ ಕ್ಯಾರೆಕ್ಟರ್ ಇಟ್ಟುಕೊಂಡು ಎಲ್ಲ ಕಸುಬೂ ಕಲಿಯಬಹುದು. ಮಾರುಕಟ್ಟೆ ಮಾತ್ರ ಟ್ರಯಲ್‌ನವರಿಗೆ ಇಲ್ಲ. ಕತೆ ನಿಜಕ್ಕೂ ಚೆನ್ನಾಗಿದೆ, ಆದರೆ ಕತೆ ಮುಗಿಸದೆ ಮುಂದಿನ ಬಾಗಿಲು ತೆರೆಯುವುದಿಲ್ಲ. ನನಗೆ ಸಿಗುವ ಒಂದು ಗಂಟೆಯಲ್ಲಿ ಅರ್ಧ ಗಂಟೆ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮುಟ್ಟಿಸುವುದೇ ಆಯಿತು. ಪಿಂಗ್, ಅಂದರೆ ಸರ್ವರ್‌ಗೆ ಸಂದೇಶ ಹೋಗಿ ಬರುವ ಸಮಯ, ಬೇರೆ ಇನ್ನೂರು ಮಿಲಿಸೆಕೆಂಡಿನ ಆಸುಪಾಸು. ನೆಲದ ಮೇಲೆ ಕಿತ್ತಳೆ ಬಣ್ಣದ ವೃತ್ತ ಮೂಡುತ್ತದೆ, ಓಡಿ ಆಚೆ ಬರುತ್ತೇನೆ, ನಿಲ್ಲುತ್ತೇನೆ, ಆಮೇಲೆ ಏಟು ಬೀಳುತ್ತದೆ! ಸರ್ವರ್ ಲೆಕ್ಕದಲ್ಲಿ ನಾನಿನ್ನೂ ಒಳಗೇ ಇದ್ದೆ. ಕೊನೆಗೆ ವೃತ್ತ ಕಂಡ ತಕ್ಷಣ ಕೈಯಲ್ಲಿದ್ದ ಕೆಲಸ ಬಿಟ್ಟು ಓಡುವುದು ಅಭ್ಯಾಸವಾಯಿತು.

ಎಲ್ಡರ್ ಸ್ಕ್ರೋಲ್ಸ್ ಆನ್‌ಲೈನ್‌ನಲ್ಲಿ ಅಲೆಯುವುದು ಖುಷಿ. 2015ರಿಂದ ಕಡ್ಡಾಯ ಚಂದಾ ಇಲ್ಲ. ಆದರೆ ಸೊಪ್ಪು, ಅದಿರು ಎಷ್ಟಾದರೂ ತುಂಬುವ ಚೀಲ ಚಂದಾದಾರರಿಗೆ ಮಾತ್ರ. ನಾನೋ ದಾರಿಯಲ್ಲಿ ಕಂಡಿದ್ದನ್ನೆಲ್ಲ ಆಯುವವನು. ಎರಡು ವಾರಕ್ಕೆ ಸಾಕಾಯಿತು.

ಉಳಿದುಕೊಂಡಿದ್ದು ಗಿಲ್ಡ್ ವಾರ್ಸ್ 2. 2012ರಲ್ಲಿ ಬಂದಾಗ ಗರಿಷ್ಠ ಲೆವೆಲ್ 80 ಇತ್ತು, ಆಟಕ್ಕೆ ಹೊಸ ಭಾಗ ಸೇರಿಸುವ ಎಷ್ಟು ಎಕ್ಸ್‌ಪಾನ್ಷನ್ ಬಂದರೂ ಇವತ್ತಿಗೂ 80. ಹಳೆ ಅಂಗಿ ಇನ್ನೂ ಮೈಗೆ ಆಗುತ್ತದೆ. ಚಂದಾ ಇಲ್ಲ. ಮೂಲ ಆಟ 2015ರಿಂದ ಫ್ರೀ. ಸವಾರಿ ಪ್ರಾಣಿ ಬೇಕಾದಾಗ ಎಕ್ಸ್‌ಪಾನ್ಷನ್ ಒಂದೇ ಸಲ ದುಡ್ಡು ಕೊಟ್ಟು ಕೊಂಡೆ. ಪಿಂಗ್ ಇಲ್ಲೂ ಜಾಸ್ತಿಯೇ. ಉರುಳಿ ತಪ್ಪಿಸಿಕೊಳ್ಳುವ ಡಾಡ್ಜ್ ಸ್ವಲ್ಪ ಮುಂಚೆ ಒತ್ತಬೇಕು, ಅಷ್ಟೇ.

ಮನಸ್ಸಿಗೆ ಹಿಡಿಸಿದ್ದು ಚಿಕ್ಕ ಸಂಗತಿ. ಮೊದಲ ದಿನ ಒಂದು ಅದಿರಿನ ಬಂಡೆ ಕುಟ್ಟುತ್ತಿದ್ದೆ. ಪಕ್ಕದಲ್ಲಿ ಇನ್ನೊಬ್ಬ ಬಂದು ನಿಂತ. ನನಗೆ ಹಳೆ ಭಯ, ಕದ್ದುಬಿಡುತ್ತಾನೆ ಅಂತ. ಅವನೂ ಅದೇ ಬಂಡೆ ಕುಟ್ಟಿದ, ಅವನ ಪಾಲು ಅವನಿಗೆ, ನನ್ನದು ನನಗೆ. ಮುಂದೆ ತೋಳಗಳ ಕೈಗೆ ಸಿಕ್ಕಿ ಬಿದ್ದಾಗ ಅವನೇ ಬಂದು ಎಬ್ಬಿಸಿದ. ಇಲ್ಲಿ ಎಬ್ಬಿಸಲು ಹೀಲರ್ರೇ ಆಗಬೇಕಿಲ್ಲ, ಯಾರು ಬೇಕಾದರೂ ಎಬ್ಬಿಸಬಹುದು. ನಾನು ಅರ್ಧಕ್ಕೆ ಎದ್ದು ಹೋದರೂ ಯಾರದೂ ಕೆಡುವುದಿಲ್ಲ ಅಂತ ಆಗ ಸಮಾಧಾನವಾಯಿತು.

ಕ್ವೀನ್ಸ್‌ಡೇಲ್‌ನ ಜೌಗಿನಲ್ಲಿ, ಆಟದೊಳಗಿನ ಒಂದು ಸೀಮೆ ಅದು, ಶಾಡೋ ಬೆಹಮತ್ ಅನ್ನುವ ದೈತ್ಯ ಎರಡು ಗಂಟೆಗೊಮ್ಮೆ ಏಳುತ್ತದೆ. ನಮ್ಮ ಗಡಿಯಾರದಲ್ಲಿ ರಾತ್ರಿ 9:15ಕ್ಕೆ ಒಂದು ಸರದಿ. ಊಟ ಮುಗಿಸಿ ಕೂರಲು ಸರಿಯಾದ ಹೊತ್ತು. ಮಗಳಿಗೆ ಈಗ ನಾಲ್ಕು ವರ್ಷ, ತೊಡೆಯ ಮೇಲೆ ಕೂತಿರುತ್ತಾಳೆ. ದೈತ್ಯ ಬಿದ್ದರೂ ಬೀಳದಿದ್ದರೂ ಅವಳಿಗೆ ಒಂದೇ. ನನ್ನ ರ್‍ಯಾಪ್ಟರ್ ಅನ್ನುವ ಹಲ್ಲಿಯಂಥ ಸವಾರಿ ಪ್ರಾಣಿ ಕಂಡರೆ ಸಾಕು, "ಅಪ್ಪಾ, ಓತಿಕ್ಯಾತನ್ನ ಹಾರಿಸು" ಅನ್ನುತ್ತಾಳೆ.