ನಲ್ಲಿ ನೀರು ನೋಡಿ ಸಿಕ್ಲಿಡ್ ತನ್ನಿ: ಮನೆಯಲ್ಲೊಂದು ಎರಡಡಿ ಟ್ಯಾಂಕ್

ಸಿಕ್ಲಿಡ್ ಸಾಕುವ ಆಸೆ ಹುಟ್ಟಿದವರು ಮೊದಲು ಓಡುವುದು ಅಂಗಡಿಗೆ. ಶಿವಾಜಿನಗರದಲ್ಲೋ ತಮ್ಮದೇ ಬಡಾವಣೆಯಲ್ಲೋ ಸಾಲಾಗಿಟ್ಟ ಟ್ಯಾಂಕುಗಳ ಮುಂದೆ ನಿಂತು, ಹಳದಿಯದು ಎರಡು, ನೀಲಿಯದು ಎರಡು ಎಂದು ಬೆರಳು ತೋರಿಸಿ, ಮೀನಿನ ಚೀಲ ಹಿಡಿದು ಮನೆಗೆ ಬಂದುಬಿಡುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಮನೆಯ ನಲ್ಲಿ ತಿರುಗಿಸಿ ಎನ್ನುವುದು ನನ್ನ ಸಲಹೆ. ಬೆಂಗಳೂರಿನ ಮನೆಯಲ್ಲಿ ಯಾವ ಸಿಕ್ಲಿಡ್ ಚೆನ್ನಾಗಿ ಬದುಕುತ್ತದೆ ಎಂಬುದು ನಿಂತಿರುವುದು ಆ ನೀರಿನ ಮೇಲೆ.

ಸಿಕ್ಲಿಡ್ ಎಂಬುದು ಒಂದು ಮೀನಿನ ಹೆಸರಲ್ಲ. ಸಾವಿರಕ್ಕೂ ಹೆಚ್ಚು ಪ್ರಭೇದಗಳಿರುವ ದೊಡ್ಡ ಕುಟುಂಬ ಅದು. ಏಂಜೆಲ್, ಡಿಸ್ಕಸ್, ಆಸ್ಕರ್ ಎಲ್ಲವೂ ಸಿಕ್ಲಿಡ್‌ಗಳೇ. ವಾಸ್ತುವಿನ ಹೆಸರಿನಲ್ಲಿ ಮಾರಾಟವಾಗುವ ಫ್ಲವರ್‌ಹಾರ್ನ್ ಕೂಡ ಅದೇ ಬಳಗ. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ ಜಿಲೇಬಿ ಮೀನು, ಕೇರಳದವರ ಕರಿಮೀನು ಇವೂ ಇದೇ ಕುಟುಂಬದವು. ಅಮೆಜಾನ್ ಕಡೆಯ ಮೀನಿಗೆ ಮೆದು ನೀರು ಬೇಕು, ಆಫ್ರಿಕಾದ ದೊಡ್ಡ ಸರೋವರಗಳ ಮೀನಿಗೆ ಗಡಸು ನೀರು ಬೇಕು. ಎರಡನ್ನೂ ಒಂದೇ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟರೆ ಯಾವುದಾದರೊಂದು ನರಳುತ್ತದೆ.

ನೀರು ಅಳೆಯುವುದು

ಕಾವೇರಿ ನೀರು ತೊರೆಕಾಡನಹಳ್ಳಿ ಕಡೆಯಿಂದ ಪಂಪ್ ಆಗಿ ಬರುವ ನದಿ ನೀರು. ಅದರಲ್ಲಿ ಗಡಸುತನ ಕಡಿಮೆ, ಕ್ಲೋರಿನ್ ಇರುತ್ತದೆ. ಬೋರ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲ, ಆದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಧಾರಾಳ. ಗೀಸರ್ ಕಾಯಿಲ್‌ಗೆ ಬಿಳಿ ಪದರ ಕಟ್ಟುತ್ತದೆಯೇ, ನಲ್ಲಿಯ ಬಾಯಲ್ಲಿ ಸುಣ್ಣದಂಥ ಕಲೆ ಕೂರುತ್ತದೆಯೇ, ಸೋಪು ಉಜ್ಜಿದಷ್ಟೂ ನೊರೆ ಬಾರದೆ ಸತಾಯಿಸುತ್ತದೆಯೇ? ಹಾಗಾದರೆ ನಿಮ್ಮದು ಗಡಸು ನೀರು.

ಬಹಳಷ್ಟು ಮನೆಗಳಲ್ಲಿ ಲೆಕ್ಕ ಇಷ್ಟು ಸರಳವಿಲ್ಲ. ಕಾವೇರಿ ಐದನೇ ಹಂತಕ್ಕೆ 2024ರ ಅಕ್ಟೋಬರ್‌ನಲ್ಲಿ ಚಾಲನೆ ಸಿಕ್ಕ ಮೇಲೆ ನಗರದ ಅಂಚಿನ 110 ಹಳ್ಳಿಗಳ ಕಡೆಗೂ ಕೊಳವೆ ಬಂದಿದೆ. ಅಲ್ಲೆಲ್ಲ ಕಾವೇರಿ, ಬೋರ್, ಬೇಸಿಗೆಯಲ್ಲಿ ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳಬಹುದು. ಒಂದು ಸಲ ಅಳೆದು ಸುಮ್ಮನಾಗಬೇಡಿ. ವಾರ ಬಿಟ್ಟು ಮತ್ತೊಮ್ಮೆ, ಟ್ಯಾಂಕರ್ ತರಿಸಿದ ದಿನ ಇನ್ನೊಮ್ಮೆ ಅಳೆಯಿರಿ.

ಅಕ್ವೇರಿಯಂ ಅಂಗಡಿಗಳಲ್ಲಿ ಜಿಎಚ್, ಕೆಎಚ್, ಪಿಎಚ್ ಅಳೆಯುವ ಹನಿ ಕಿಟ್‌ಗಳು ಸಿಗುತ್ತವೆ. ಜಿಎಚ್ ಎಂದರೆ ಒಟ್ಟು ಗಡಸುತನ, ಕೆಎಚ್ ಎಂದರೆ ಕಾರ್ಬೊನೇಟ್ ಗಡಸುತನ, ಪಿಎಚ್ ಎಂದರೆ ನೀರು ಆಮ್ಲೀಯವೋ ಕ್ಷಾರೀಯವೋ ಎಂದು ತೋರಿಸುವ ಅಂಕಿ. ಜಿಎಚ್ ನೋಡುವುದು ಹೀಗೆ. ಸಣ್ಣ ಗಾಜಿನ ಕೊಳವೆಗೆ 5 ಎಂಎಲ್ ನೀರು ತುಂಬಿ ಒಂದೊಂದೇ ಹನಿ ಬಿಟ್ಟು ಕುಲುಕುತ್ತಾ ಹೋಗಿ. ಕೇಸರಿ ಬಣ್ಣವಿದ್ದ ನೀರು ಒಂದು ಹನಿಗೆ ಥಟ್ಟನೆ ಹಸಿರಾಗುತ್ತದೆ. ಅಲ್ಲಿಯವರೆಗೆ ಎಷ್ಟು ಹನಿ ಬಿತ್ತೋ ಅಷ್ಟು ಡಿಗ್ರಿ ಗಡಸುತನ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 18 ಮಿಲಿಗ್ರಾಂ. ಬಣ್ಣಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಬಹುದು, ಡಬ್ಬಿಯ ಮೇಲಿನ ಸೂಚನೆ ನೋಡಿಕೊಳ್ಳಿ.

ಅಪಾರ್ಟ್‌ಮೆಂಟಿನಲ್ಲಿ ಇರುವವರು ಇಲ್ಲಿ ಎಚ್ಚರ ವಹಿಸಬೇಕು. ಎಷ್ಟೋ ಕಟ್ಟಡಗಳಲ್ಲಿ ಬೋರ್ ನೀರು ಸಾಫ್ಟ್‌ನರ್ ಯಂತ್ರದ ಮೂಲಕ ಮನೆಗೆ ಬರುತ್ತದೆ. ಆ ಯಂತ್ರ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ನೀರಿನಲ್ಲಿ ಕರಗಿರುವ ಒಟ್ಟು ಲವಣ ತೋರಿಸುವ ಟಿಡಿಎಸ್ ಮೀಟರ್ ಅದ್ದಿದರೆ ಅಂಕಿ ಹೆಚ್ಚುಕಡಿಮೆ ಮೊದಲಿನಷ್ಟೇ ಇರುತ್ತದೆ, ಸೋಪು ಮಾತ್ರ ಚೆನ್ನಾಗಿ ನೊರೆ ಬರುತ್ತದೆ. ಮೀಟರ್‌ನಲ್ಲಿ 800 ಕಂಡು ಗಡಸು ನೀರು ಎಂದುಕೊಂಡರೆ ಲೆಕ್ಕ ತಪ್ಪುತ್ತದೆ; ಗಡಸು ನೀರಿನ ಮೀನಿಗೆ ಬೇಕಾದ ಖನಿಜ ಅದರಲ್ಲಿ ಉಳಿದಿರುವುದೇ ಇಲ್ಲ. ಆದ್ದರಿಂದ ಟಿಡಿಎಸ್ ಮೀಟರ್ ಒಂದನ್ನೇ ನಂಬದೆ ಜಿಎಚ್ ಕಿಟ್ ಬಳಸಿ. ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನಲ್ಲಿ ಎಲ್ಲಿದೆ ಎಂದು ಅಪಾರ್ಟ್‌ಮೆಂಟಿನ ಪ್ಲಂಬರ್‌ಗೆ ಗೊತ್ತಿರುತ್ತದೆ, ಅಲ್ಲಿಂದ ಎರಡು ಬಕೆಟ್ ಹಿಡಿದು ತನ್ನಿ. ಶೌಚಾಲಯದ ಫ್ಲಶ್‌ಗೆ ಬರುವ ಸಂಸ್ಕರಿಸಿದ ನೀರು ಯಾವ ಕಾರಣಕ್ಕೂ ಬೇಡ.

ಯಾವ ಮೀನು

ಬೋರ್ ನೀರಿನ ಮನೆಗೆ, ಅದರಲ್ಲೂ ಎರಡಡಿ ಟ್ಯಾಂಕಿಗೆ, ನಾನು ಕಣ್ಣು ಮುಚ್ಚಿ ಹೇಳುವ ಹೆಸರು ಮಲ್ಟಿ. ಪೂರ್ತಿ ಹೆಸರು ನಿಯೋಲ್ಯಾಂಪ್ರೊಲೋಗಸ್ ಮಲ್ಟಿಫ್ಯಾಸಿಯಾಟಸ್. ಆಫ್ರಿಕಾದ ಟ್ಯಾಂಗನೀಕಾ ಸರೋವರದ ತಳದಲ್ಲಿ ಬಿದ್ದಿರುವ ಬಸವನಹುಳುವಿನ ಖಾಲಿ ಚಿಪ್ಪುಗಳೊಳಗೆ ಸಂಸಾರ ಮಾಡುವ ಮೀನು ಇದು. ಗಂಡು ಬೆಳೆದರೂ ಐದು ಸೆಂಟಿಮೀಟರ್ ದಾಟುವುದು ಕಷ್ಟ, ಹೆಣ್ಣು ಇನ್ನೂ ಚಿಕ್ಕದು. ಆ ಸರೋವರದ ನೀರಿನ ಪಿಎಚ್ 9ರ ಹತ್ತಿರ, ಗಡಸುತನ ಲೀಟರಿಗೆ ಸುಮಾರು 200 ಮಿಲಿಗ್ರಾಂ. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಹಾಕಿರುವ ಸ್ವೀಕಾರಾರ್ಹ ಮಿತಿಯೂ 200. ಎಂದರೆ ನಿಮ್ಮ ಬೋರ್ ನೀರು ಅದಕ್ಕಿಂತ ಗಡಸಿದ್ದರೆ ಸ್ವಲ್ಪ ಕಾವೇರಿ ನೀರು ಬೆರೆಸಿ ಇಳಿಸಿಕೊಂಡರಾಯಿತು. ಬಟ್ಟೆ ಒಗೆಯುವಾಗ ನಾವು ಬೈದುಕೊಳ್ಳುವ ನೀರು ಈ ಮೀನಿಗೆ ತವರಿನ ನೀರು.

ಅಂಗಡಿಯಲ್ಲಿ ಕಣ್ಣು ಸೆಳೆಯುವ ಮಲಾವಿ ಸರೋವರದ ಹಳದಿ, ನೀಲಿ ಮೀನುಗಳಿಗೂ ಗಡಸು ನೀರು ಒಗ್ಗುತ್ತದೆ. ಆದರೆ ಅವು ಜಗಳಗಂಟಿಗಳು, ಜಾಗ ಹೆಚ್ಚು ಬೇಕು. ನಾಲ್ಕಡಿ ಟ್ಯಾಂಕ್ ಇಡುವ ಶಕ್ತಿಯಿದ್ದರೆ ತನ್ನಿ, ಎರಡಡಿಗೆ ಬೇಡವೇ ಬೇಡ. ಆಸ್ಕರ್, ಫ್ಲವರ್‌ಹಾರ್ನ್ ಒಂದಡಿಯ ತನಕ ಬೆಳೆಯುವ ಮೀನುಗಳು. ಅಂಗಡಿಯಲ್ಲಿ ಬೆರಳುದ್ದ ಇರುವಾಗ ಅದು ಗೊತ್ತಾಗುವುದಿಲ್ಲ.

ಶುದ್ಧ ಕಾವೇರಿ ನೀರು ಬರುವ ಮನೆಗೆ ಪಶ್ಚಿಮ ಆಫ್ರಿಕಾದ ಕ್ರಿಬೆನ್ಸಿಸ್ ಒಂದು ಜೋಡಿ ಸಾಕು. ಒರಿನೋಕೊ ನದಿಯ ರಾಮ್ ಮೀನು ಬಲು ಚೆಲುವು, ಆದರೆ 28 ಡಿಗ್ರಿ ಬಿಸಿ ನೀರು ಬೇಡುತ್ತದೆ, ಮೊದಲ ಟ್ಯಾಂಕಿಗೆ ಹೇಳಿದ್ದಲ್ಲ. ನಮ್ಮವೇ ಮೀನು ಬೇಕೆನ್ನುವವರಿಗೆ ಆರೆಂಜ್ ಕ್ರೋಮೈಡ್ ಇದೆ. ಭಾರತಕ್ಕೆ ಸ್ವಂತವಾದ ಸಿಕ್ಲಿಡ್‌ಗಳು ಮೂರೇ, ಅವುಗಳಲ್ಲಿ ಒಂದು ಮುಖ್ಯವಾಗಿ ಕರಾವಳಿ ಕರ್ನಾಟಕದ ನದಿಗಳದು. ಆರೆಂಜ್ ಕ್ರೋಮೈಡಿನ ಮರಿಗಳು ಅಪ್ಪ ಅಮ್ಮನ ಮೈಗೆ ಅಂಟಿಕೊಂಡಂತೆ ಈಜುತ್ತಾ ಮೈಮೇಲಿನ ಲೋಳೆಯನ್ನೇ ಕಚ್ಚಿ ತಿನ್ನುತ್ತವೆ. ಅದನ್ನು ನೋಡಲಿಕ್ಕಾದರೂ ಒಮ್ಮೆ ಸಾಕಬೇಕು. ಇದಕ್ಕೆ ಟ್ಯಾಂಕ್ ಇನ್ನರ್ಧ ಅಡಿ ಅಗಲ ಇದ್ದರೆ ಒಳ್ಳೆಯದು.

ಇಲ್ಲಿಂದ ಮುಂದೆ ಮಲ್ಟಿಯನ್ನೇ ಇಟ್ಟುಕೊಂಡು ಹೇಳುತ್ತೇನೆ.

ಟ್ಯಾಂಕ್, ಸ್ಟ್ಯಾಂಡ್, ಮರಳು

ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸುಮಾರು 55 ಲೀಟರ್ ನೀರು ಹಿಡಿಯುತ್ತದೆ. ಗಾಜು, ಮರಳು, ಕಲ್ಲು ಎಲ್ಲ ಸೇರಿದರೆ ಎಂಬತ್ತು ಕಿಲೋ ಹತ್ತಿರ ಬರುತ್ತದೆ. ಟಿವಿ ಇಡುವ ತೆಳು ಹಲಗೆಯ ಮೇಲೆ ಇಡಬೇಡಿ. ಕಬ್ಬಿಣದ ಆಂಗಲ್ ಸ್ಟ್ಯಾಂಡ್ ಮಾಡಿಸಿ, ಗಾರೆಯವರ ರಸಮಟ್ಟ ಇಟ್ಟು ಮಟ್ಟ ನೋಡಿ, ಮೇಲೆ ಥರ್ಮೋಕೋಲ್ ಹಾಸಿ ಆಮೇಲೆ ಟ್ಯಾಂಕ್ ಇಡಿ. ಕಿಟಕಿಯ ನೇರ ಬಿಸಿಲು ಬೀಳಬಾರದು, ಬಿದ್ದರೆ ಗಾಜಿಗೆಲ್ಲ ಪಾಚಿ.

ಮಲ್ಟಿ ದಿನವಿಡೀ ಬಾಯಿಯಲ್ಲಿ ಮರಳು ತುಂಬಿ ಆಚೆ ಉಗಿಯುವ ಮೀನು. ಮನೆ ಕಟ್ಟಿಸುವ ಕಡೆ ರಾಶಿ ಬಿದ್ದಿರುವ ಎಂ-ಸ್ಯಾಂಡ್ ಇದಕ್ಕೆ ಆಗದು, ಕಲ್ಲು ಪುಡಿ ಮಾಡಿದ ಆ ಮರಳಿನ ಅಂಚು ಚೂಪು. ನುಣ್ಣನೆಯ ಹೊಳೆ ಮರಳು ಅಥವಾ ಅಂಗಡಿಯ ಅಕ್ವೇರಿಯಂ ಮರಳು ತಂದು, ಬಕೆಟ್‌ನಲ್ಲಿ ಹಾಕಿ, ಕೈಯಾಡಿಸಿದರೂ ನೀರು ತಿಳಿಯಾಗಿಯೇ ಉಳಿಯುವವರೆಗೆ ತೊಳೆಯಿರಿ. ಎರಡು ಇಂಚು ದಪ್ಪ ಹಾಸಿ. ದೊಡ್ಡ ಕಲ್ಲು ಇಡುವುದಾದರೆ ಮರಳಿಗೆ ಮುಂಚೆ, ತಳದ ಗಾಜಿನ ಮೇಲೆ ತೆಳು ಫೋಮ್ ಹಾಕಿ ಇಡಿ. ಮರಳಿನ ಮೇಲಿಟ್ಟ ಕಲ್ಲಿನ ಬುಡವನ್ನು ಮೀನು ತೋಡಿದರೆ ಕಲ್ಲು ಉರುಳಿ ಗಾಜಿಗೆ ಬಡಿಯುತ್ತದೆ.

ಇನ್ನು ಚಿಪ್ಪು. ಗದ್ದೆ, ಕೆರೆಯಂಚಿನಲ್ಲಿ ಸಿಗುವ ದೊಡ್ಡ ಬಸವನಹುಳುವಿನ ಖಾಲಿ ಚಿಪ್ಪು ಸರಿಹೋಗುತ್ತದೆ, ಅಂಗಡಿಯಲ್ಲೂ ಕೇಳಿ. ಹತ್ತು ನಿಮಿಷ ಕುದಿಸಿ, ಒಳಗಿನ ಕೊಳೆ ಬಿಡುವಂತೆ ತೊಳೆದು, ಎರಡು ದಿನ ನೀರಿನಲ್ಲಿ ನೆನೆಹಾಕಿ. ಒಂದು ಮೀನಿಗೆ ಮೂರರಂತೆ ಇರಲಿ. ಬಾಯಿ ಮೇಲೆ ಮಾಡಿ ಮರಳ ಮೇಲೆ ಹರಡಿ, ಉಳಿದದ್ದನ್ನು ಮೀನೇ ನೋಡಿಕೊಳ್ಳುತ್ತದೆ. ಚಿಪ್ಪಿನ ಒಂದು ಪಕ್ಕದ ಮರಳನ್ನು ಬಾಯಿಂದ ತೆಗೆದು ಇನ್ನೊಂದು ಪಕ್ಕ ಸುರಿಯುತ್ತಾ, ನಡುನಡುವೆ ಒಳಹೊಕ್ಕು ಬಾಲ ಬಡಿದು ಸಡಿಲಿಸುತ್ತಾ, ಕಡೆಗೆ ಬಾಯಿಯಷ್ಟೇ ಹೊರಗಿರುವಂತೆ ಚಿಪ್ಪನ್ನು ಹೂತುಬಿಡುತ್ತದೆ.

ಫಿಲ್ಟರ್ ವಿಷಯದಲ್ಲಿ ಅಂಗಡಿಯವರು ಏನೇನೋ ತೋರಿಸಬಹುದು. ಈ ಗಾತ್ರಕ್ಕೆ ಏರ್ ಪಂಪ್‌ನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಸಾಕು. ಮರಿಗಳನ್ನು ಒಳಗೆ ಎಳೆದುಕೊಳ್ಳುವ ಭಯವೂ ಇಲ್ಲ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲಿಡಿ, ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಇಳಿಯಬಹುದು. ಕರೆಂಟ್ ಹೋದರೆ ಪಂಪ್ ನಿಲ್ಲದಂತೆ ಮನೆಯ ಯುಪಿಎಸ್ ಲೈನಿಗೆ ಹಾಕಿಸಿ, ಅಥವಾ ಬ್ಯಾಟರಿ ಇರುವ ಏರ್ ಪಂಪ್ ಕೊಳ್ಳಿ. ಡಿಸೆಂಬರ್, ಜನವರಿಯ ರಾತ್ರಿಗಳಿಗೆ 50 ವ್ಯಾಟ್ ಹೀಟರ್ ಬೇಕು. 25 ಡಿಗ್ರಿಗೆ ಇಡಿ.

ಮೀನಿಲ್ಲದೆ ಕಾಯುವ ತಿಂಗಳು

ಹೊಸ ಟ್ಯಾಂಕಿನ ಮೀನು ಸಾಯುವುದು ಹೆಚ್ಚಾಗಿ ಈ ಹಂತವನ್ನು ಹಾರಿದ್ದರಿಂದ. ಮೀನು ಕಿವಿರಿನಿಂದ ಅಮೋನಿಯ ಬಿಡುತ್ತದೆ. ಅದನ್ನು ಒಂದು ಬಗೆಯ ಬ್ಯಾಕ್ಟೀರಿಯ ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ವಿಷ, ಮೂರನೆಯದು ಅಷ್ಟು ಅಪಾಯಕಾರಿಯಲ್ಲ. ಈ ಬ್ಯಾಕ್ಟೀರಿಯಗಳು ಸ್ಪಾಂಜ್‌ನಲ್ಲಿ, ಮರಳಿನಲ್ಲಿ ಮನೆ ಮಾಡಿಕೊಳ್ಳಲು ಮೂರರಿಂದ ಆರು ವಾರ ಬೇಕು.

ಗಡಸು ನೀರಿನಲ್ಲಿ ಈ ಕಾಯುವಿಕೆ ಇನ್ನೂ ಮುಖ್ಯ, ಏಕೆಂದರೆ ಅದರ ಪಿಎಚ್ ಸಾಮಾನ್ಯವಾಗಿ ಹೆಚ್ಚು. ಪಿಎಚ್ 7 ಇರುವ ನೀರಿನಲ್ಲಿ ಅಮೋನಿಯದ ನೂರಕ್ಕೆ ಒಂದು ಭಾಗವೂ ವಿಷ ರೂಪದಲ್ಲಿ ಇರುವುದಿಲ್ಲ, ಉಳಿದದ್ದೆಲ್ಲ ಅಷ್ಟಾಗಿ ಕಾಡದ ಅಮೋನಿಯಂ. ಪಿಎಚ್ 8.5 ಆದರೆ ವಿಷದ ಪಾಲು ನೂರಕ್ಕೆ 15ರ ಹತ್ತಿರ ಏರುತ್ತದೆ. ಕಾವೇರಿ ನೀರಿನಲ್ಲಿ ಹೇಗೋ ತಾಳಿಕೊಂಡ ಮೀನು ಅಷ್ಟೇ ಕೊಳೆಗೆ ಬೋರ್ ನೀರಿನಲ್ಲಿ ಸತ್ತುಹೋಗುವುದು ಇದರಿಂದಲೇ.

ನೀರು ತುಂಬಿ, ಕಾವೇರಿಯಾದರೆ ಆಂಟಿ ಕ್ಲೋರಿನ್ ಹನಿ ಹಾಕಿ, ಫಿಲ್ಟರ್ ಓಡಿಸಿ. ದಿನಕ್ಕೆ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಿರಿ, ಅದು ಕೊಳೆತು ಅಮೋನಿಯ ಆಗುತ್ತದೆ. ಪರಿಚಯದವರ ಮನೆಯಲ್ಲಿ ಆರೋಗ್ಯವಾಗಿರುವ ಹಳೆಯ ಟ್ಯಾಂಕ್ ಇದ್ದರೆ ಅವರ ಫಿಲ್ಟರಿನ ಸ್ಪಾಂಜ್ ಒಂದು ತುಂಡು ಕೇಳಿ ತನ್ನಿ, ಒದ್ದೆಯಾಗಿಯೇ ತಂದು ನಿಮ್ಮ ಟ್ಯಾಂಕಿಗೆ ಹಾಕಿದರೆ ಕಾಯುವ ಕಾಲ ಎಷ್ಟೋ ಕಡಿಮೆಯಾಗುತ್ತದೆ. ಮೊದಲ ವಾರಗಳಲ್ಲಿ ನೀರು ಮಬ್ಬಾದರೆ ಗಾಬರಿ ಬೇಡ, ಬದಲಾಯಿಸಲೂ ಬೇಡ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯ ಏರಿ ಇಳಿಯುತ್ತದೆ, ಆಮೇಲೆ ನೈಟ್ರೈಟ್ ಏರಿ ಇಳಿಯುತ್ತದೆ. ಆಹಾರ ಹಾಕುತ್ತಿದ್ದರೂ ಎರಡೂ ಸೊನ್ನೆಯಲ್ಲೇ ನಿಂತರೆ ಟ್ಯಾಂಕ್ ತಯಾರು. ಅರ್ಧ ನೀರು ಬದಲಾಯಿಸಿ ಮೀನು ತರಲು ಹೊರಡಿ.

ಮೀನು ಬಿಡುವುದು, ನೋಡಿಕೊಳ್ಳುವುದು

ಆರರಿಂದ ಎಂಟು ಎಳೆಯ ಮಲ್ಟಿ ತನ್ನಿ. ಅಂಗಡಿಯವರನ್ನು ಒಂದು ಮಾತು ಕೇಳಿ: ನಿಮ್ಮಲ್ಲಿ ಯಾವ ನೀರು? ಅವರದು ಕಾವೇರಿ, ನಿಮ್ಮದು ಬೋರ್ ಆದರೆ ಬಿಡುವಾಗ ನಿಧಾನ ಬೇಕು. ಚೀಲವನ್ನು ಕಾಲು ಗಂಟೆ ಟ್ಯಾಂಕಿನಲ್ಲಿ ತೇಲಿಬಿಡಿ, ಆಮೇಲೆ ಐದೈದು ನಿಮಿಷಕ್ಕೆ ಅರ್ಧ ಲೋಟ ಟ್ಯಾಂಕಿನ ನೀರು ಚೀಲಕ್ಕೆ ಸೇರಿಸುತ್ತಾ ಒಂದು ಗಂಟೆ ತೆಗೆದುಕೊಳ್ಳಿ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಚೀಲದ ನೀರು ಟ್ಯಾಂಕಿಗೆ ಬೀಳಬಾರದು. ಆ ದಿನ ದೀಪ ಹಾಕಬೇಡಿ, ಊಟವೂ ಬೇಡ.

ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಖಾಲಿಯಾಗುವಷ್ಟು ಸಣ್ಣ ಕಾಳಿನ ಆಹಾರ. ವಾರಕ್ಕೊಂದು ದಿನ ಉಪವಾಸ. ವಾರಕ್ಕೊಮ್ಮೆ ಕಾಲು ಭಾಗ ನೀರು ತೆಗೆದು ಹೊಸದು ತುಂಬಿ. ತುಂಬುವ ಮುನ್ನ ಬಕೆಟ್ ನೀರಿನ ಜಿಎಚ್ ಒಮ್ಮೆ ನೋಡಿ. ಟ್ಯಾಂಕರ್ ಬಂದ ವಾರ ಅದು ದಿಢೀರ್ ಬದಲಾಗಿರಬಹುದು. ನೀರು ತೆಗೆಯುವ ಮುಂಚೆ ಹೀಟರ್ ಆಫ್ ಮಾಡಿ, ಬಿಸಿ ಗಾಜು ಗಾಳಿಗೆ ಬಂದರೆ ಸೀಳುತ್ತದೆ. ಸ್ಪಾಂಜನ್ನು ತೆಗೆದ ಹಳೆಯ ನೀರಿನಲ್ಲೇ ಹಿಂಡಿ, ನಲ್ಲಿಯ ಕೆಳಗೆ ಹಿಡಿದರೆ ಕ್ಲೋರಿನ್‌ಗೆ ಬ್ಯಾಕ್ಟೀರಿಯ ಸಾಯುತ್ತದೆ. ಆ ಕಪ್ಪು ನೀರು ಬಾಲ್ಕನಿಯ ಕುಂಡಗಳಿಗೆ ಒಳ್ಳೆಯ ಗೊಬ್ಬರ. ಏಪ್ರಿಲ್ ಬಿಸಿಲಿಗೆ ನೀರು 30 ಡಿಗ್ರಿ ಮುಟ್ಟಿದರೆ ಮುಚ್ಚಳ ಸರಿಸಿ ಚಿಕ್ಕ ಫ್ಯಾನ್ ಗಾಳಿ ಬೀಸುವಂತೆ ಇಡಿ, ಎರಡು ಡಿಗ್ರಿಯಾದರೂ ಇಳಿಯುತ್ತದೆ.

ನೀರು ಒಗ್ಗಿದರೆ ಕೆಲವು ತಿಂಗಳಲ್ಲಿ ಚಿಪ್ಪಿನ ಬಾಯಲ್ಲಿ ಜೀರಿಗೆಯ ಉದ್ದದ ಮರಿಗಳು ಕಾಣುತ್ತವೆ. ಅವನ್ನು ಬೇರೆ ಮಾಡಬೇಕಿಲ್ಲ, ಮಲ್ಟಿಗಳು ಕೂಡುಕುಟುಂಬವಾಗಿ ಬಾಳುತ್ತವೆ, ದೊಡ್ಡ ಮರಿಗಳ ಜೊತೆಗೇ ಹೊಸ ಮರಿಗಳೂ ಬೆಳೆಯುತ್ತವೆ. ಸಂಖ್ಯೆ ಮೂವತ್ತು ದಾಟಿದರೆ ಒಂದಷ್ಟನ್ನು ಅಂಗಡಿಗೋ ಇನ್ನೊಬ್ಬ ಸಾಕುವವರಿಗೋ ಕೊಡಿ. ಕೆರೆಗೆ ಮಾತ್ರ ಬಿಡಬೇಡಿ. 1952ರಲ್ಲಿ ಹೊರಗಿನಿಂದ ಭಾರತಕ್ಕೆ ತಂದ ಜಿಲೇಬಿ ಮೀನು ಕೆರೆ ಕೆರೆಗಳನ್ನು ತುಂಬಿಕೊಂಡಿದೆ, ಅಕ್ವೇರಿಯಂನಿಂದ ಹೊರಬಿದ್ದ ಸಕ್ಕರ್ ಮೀನು ಈಗ ಬೆಂಗಳೂರಿನ ಕೆರೆಗಳಲ್ಲೂ ಬಲೆಗೆ ಬೀಳುತ್ತಿದೆ. ತಕ್ಷಣಕ್ಕೆ ಯಾರೂ ಸಿಗದಿದ್ದರೆ ಕೊಂಡ ಅಂಗಡಿಯನ್ನೇ ಕೇಳಿ, ಮಲ್ಟಿ ಮರಿಗಳಿಗೆ ಬದಲಾಗಿ ಆಹಾರದ ಡಬ್ಬಿ ಕೊಡುವವರು ಇದ್ದಾರೆ.