ಹಿತ್ತಲಿನ ಉಪ್ಪುನೀರಿನ ಈಜುಕೊಳ: ಸೆಲ್ ಬದಲಿಸುವ ಮುನ್ನ

ಬ್ರಿಸ್ಬೇನ್‌ನಲ್ಲೋ ಸಿಡ್ನಿಯಲ್ಲೋ ಮನೆ ಕೊಳ್ಳುವ ನಮ್ಮವರಿಗೆ ಎಷ್ಟೋ ಸಲ ಮನೆಯ ಜೊತೆಗೆ ಈಜುಕೊಳವೂ ಬರುತ್ತದೆ. ಅದು ಉಪ್ಪುನೀರಿನದಾಗಿದ್ದರೆ ಕ್ಲೋರಿನ್ನಿನ ಗೊಡವೆಯೇ ಇಲ್ಲವೆಂದು ಹೊಸಬರು ಭಾವಿಸುತ್ತಾರೆ. ವಾಸ್ತವವಾಗಿ ಪಂಪಿನ ಪಕ್ಕದ ಕ್ಲೋರಿನೇಟರ್, ಕರಗಿದ ಉಪ್ಪಿನಿಂದ ವಿದ್ಯುತ್ತಿನ ಮೂಲಕ ಕ್ಲೋರಿನ್ನನ್ನು ಅಲ್ಲೇ ತಯಾರಿಸುತ್ತಿರುತ್ತದೆ. ಈ ಕೆಲಸ ನಡೆಯುವುದು ಅದರ ಸೆಲ್, ಅಂದರೆ ಕೊಳದ ನೀರು ಹಾದುಹೋಗುವ ಭಾಗದ ಒಳಗಿನ ಟೈಟಾನಿಯಂ ಫಲಕಗಳ ಮೇಲೆ. ಅವುಗಳಿಗೆ ಬಳಿದಿರುವ ರುಥೇನಿಯಂ ಅಥವಾ ಇರಿಡಿಯಂ ಆಕ್ಸೈಡಿನ ತೆಳು ಲೇಪನ ಸವೆದರೆ ಸೆಲ್ಲಿನ ಆಯುಷ್ಯ ಮುಗಿದಂತೆ. ಸಾಮಾನ್ಯವಾಗಿ ಅದು 3ರಿಂದ 7 ವರ್ಷ ಬಾಳುತ್ತದೆ.

ಆದರೆ ಕ್ಲೋರಿನ್ ಸಾಲದೆ ಪಾಚಿ ಬೆಳೆದು ನೀರು ಹಸಿರಾದ ಕೂಡಲೇ ಹೊಸ ಸೆಲ್ಲಿಗೆ ದುಡ್ಡು ಸುರಿಯುವುದು ಆತುರದ ಕೆಲಸ. ಮೊದಲು ಒಂದು ಬಾಟಲಿ ನೀರನ್ನು ಪೂಲ್ ಅಂಗಡಿಗೆ ಕೊಂಡೊಯ್ದು ಪರೀಕ್ಷೆ ಮಾಡಿಸಿ; ಅನೇಕ ಅಂಗಡಿಗಳು ಇದಕ್ಕೆ ಹಣ ಕೇಳುವುದಿಲ್ಲ. ಉಪ್ಪು ಬಳಕೆಯಿಂದ ಖರ್ಚಾಗುವುದಿಲ್ಲ, ಬೇಸಿಗೆಯ ಜಡಿಮಳೆಗೆ ಕೊಳ ತುಂಬಿ ಹರಿದಾಗ ಮತ್ತು ಫಿಲ್ಟರನ್ನು ಬ್ಯಾಕ್‌ವಾಶ್ ಮಾಡಿದಾಗ (ನೀರನ್ನು ಹಿಮ್ಮುಖವಾಗಿ ಹರಿಸಿ ತೊಳೆದಾಗ) ಹೊರಹೋಗುತ್ತದೆ. 50,000 ಲೀಟರಿನ ಕೊಳದಲ್ಲಿ ಉಪ್ಪಿನ ಪ್ರಮಾಣವನ್ನು 3,000 ಪಿಪಿಎಂನಿಂದ (ಹತ್ತು ಲಕ್ಷಕ್ಕೆ ಇಷ್ಟು ಪಾಲು ಎಂಬ ಅಳತೆ) 4,000ಕ್ಕೆ ಏರಿಸಲು 50 ಕಿಲೋ ಬೇಕು. ಅಡುಗೆಮನೆಯ ಅಯೋಡಿನ್ ಉಪ್ಪು ಬೇಡ, ಪೂಲ್ ಉಪ್ಪನ್ನೇ ತನ್ನಿ. ಕ್ಲೋರಿನ್ನನ್ನು ಬಿಸಿಲಿನಿಂದ ಕಾಯುವ ಸ್ಟೆಬಿಲೈಸರ್ (ಸೈಯನ್ಯೂರಿಕ್ ಆಸಿಡ್) ಇಲ್ಲದಿದ್ದರೆ ಇಲ್ಲಿನ ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ನನ್ನು ಮುಗಿಸಿಬಿಡುತ್ತದೆ. ಸ್ಟೆಬಿಲೈಸರ್ 30ರಿಂದ 50 ಪಿಪಿಎಂ ಇರಲಿ. ಉಪ್ಪುನೀರಿನ ಕೊಳದಲ್ಲಿ ಪಿಎಚ್ (ನೀರಿನ ಆಮ್ಲ-ಕ್ಷಾರ ಗುಣದ ಅಳತೆ) ತಾನಾಗಿಯೇ ಮೇಲೇರುತ್ತಿರುತ್ತದೆ, 8 ದಾಟಿದರೆ ಇರುವ ಕ್ಲೋರಿನ್ನಿಗೂ ಕಸುವು ಉಳಿಯುವುದಿಲ್ಲ. ಆದ್ದರಿಂದ ಆಗಾಗ ಆಸಿಡ್ ಹಾಕಿ ಅದನ್ನು 7.2ರಿಂದ 7.6ರ ನಡುವೆ ಇಟ್ಟುಕೊಳ್ಳಬೇಕು. (ತಲೆಗೆ ಕೊಬ್ಬರಿಎಣ್ಣೆ ಹಚ್ಚಿಕೊಂಡು ಮಕ್ಕಳು ನೇರವಾಗಿ ನೀರಿಗಿಳಿಯುವುದೂ ಕ್ಲೋರಿನ್ ಖರ್ಚಾಗಲು ಒಂದು ಕಾರಣವೆಂಬುದನ್ನು ಅಜ್ಜಿಯರಿಗೆ ಮೆಲ್ಲಗೆ ತಿಳಿಸಿ.)

ಇವೆಲ್ಲ ಸರಿಯಿದ್ದರೆ ವಿದ್ಯುತ್ತಿನ ಪ್ಲಗ್ ಕಿತ್ತು, ಸೆಲ್ಲನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಬೆಂಗಳೂರಿನ ಬೋರ್‌ವೆಲ್ ನೀರಿಗೆ ಗೀಸರಿನ ಕಾಯಿಲ್ ಮೇಲೆ ಕಟ್ಟುವಂಥ ಬಿಳಿ ಗಸಿ ಫಲಕಗಳ ಸಂದಿಯಲ್ಲಿ ಕಾಣಬಹುದು. ಬಕೆಟ್ಟಿನಲ್ಲಿ ಮೊದಲು 10 ಪಾಲು ನೀರು ತುಂಬಿ, ಅದಕ್ಕೆ 1 ಪಾಲು ಹೈಡ್ರೋಕ್ಲೋರಿಕ್ ಆಸಿಡ್ ಸೇರಿಸಿ. ಆಸಿಡ್ಡಿಗೆ ನೀರು ಸುರಿಯುವುದು ಎಂದಿಗೂ ಸಲ್ಲದು. ಕೈಗವಸು, ಕನ್ನಡಕ ತೊಟ್ಟು, ಗಾಳಿಯಾಡುವ ಕಡೆ, ವಿದ್ಯುತ್ ಜೋಡಣೆಗಳು ನೆನೆಯದಂತೆ ಫಲಕಗಳನ್ನಷ್ಟೇ ಮುಳುಗಿಸಿದರೆ ಬುಸುಬುಸು ನೊರೆ ಏಳುತ್ತದೆ. ನೊರೆ ನಿಂತೊಡನೆ ಹೊರತೆಗೆದು ತೊಳೆಯಿರಿ. ಚಾಕುವಿನಿಂದ ಕೆರೆಯಬೇಡಿ. ಪ್ರತಿ ಸಲದ ಆಸಿಡ್ ಸ್ನಾನವೂ ಲೇಪನವನ್ನು ಸ್ವಲ್ಪ ತಿನ್ನುತ್ತದೆ, ಆದಕಾರಣ ಗಸಿ ಕಂಡಾಗ ಮಾತ್ರ ಈ ಕೆಲಸ ಸಾಕು. ವಿದ್ಯುತ್ತಿನ ದಿಕ್ಕು ಬದಲಿಸಿ ತಾವೇ ಶುಚಿಯಾಗುವ ಸೆಲ್ಲುಗಳಿಗೆ ಇದು ಅಪರೂಪವಾಗಿ ಬೇಕಾಗುತ್ತದೆ.

ಶುಚಿಯಾದ ಮೇಲೂ ಕ್ಲೋರಿನ್ ಬಾರದಿದ್ದರೆ, ಫಲಕಗಳ ಮೇಲೆ ಲೇಪನ ಕಿತ್ತ ಕಲೆಗಳು ಕಂಡರೆ, ಬದಲಿಸುವ ಕಾಲ ಬಂತೆಂದು ತಿಳಿಯಬಹುದು. ಸೆಲ್ಲಿಗೆ ವಿದ್ಯುತ್ ಕೊಡುವ ನಿಯಂತ್ರಕ ಪೆಟ್ಟಿಗೆಯ ಮಾದರಿ ಸಂಖ್ಯೆಗೆ ಹೊಂದುವ ಸೆಲ್ಲನ್ನೇ ಕೊಳ್ಳಿ. ಪೆಟ್ಟಿಗೆಗೂ ವಯಸ್ಸಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸುವುದು ಲೇಸೆಂಬುದು ನನ್ನ ಅಭಿಪ್ರಾಯ. ಆಗ ಕೊಳಕ್ಕೆ ಬೇಕಾದದ್ದಕ್ಕಿಂತ ಒಂದು ಅಳತೆ ದೊಡ್ಡದನ್ನು ಆರಿಸಿದರೆ, ಅದು ಸದಾ ಪೂರ್ತಿ ಶಕ್ತಿಯಲ್ಲಿ ದುಡಿಯಬೇಕಾಗದೆ ಹೆಚ್ಚು ಕಾಲ ಬಾಳುತ್ತದೆ. ಪ್ಲಗ್ ಇರುವ ಯಂತ್ರದ ಸೆಲ್ಲನ್ನು ನೀವೇ ಜೋಡಿಸಬಹುದು. ಗೋಡೆಗೆ ನೇರ ವೈರಿಂಗ್ ಆಗಿದ್ದರೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ನೇ ಬರಬೇಕು, ಇಲ್ಲಿನ ಕಾನೂನು ಆ ವಿಷಯದಲ್ಲಿ ಕಟ್ಟುನಿಟ್ಟು. ಸೆಲ್ಲಿನಲ್ಲಿ ಹೈಡ್ರೋಜನ್ ಅನಿಲವೂ ಹುಟ್ಟುವುದರಿಂದ, ನೀರು ಹರಿಯದಾಗ ಯಂತ್ರವನ್ನು ನಿಲ್ಲಿಸುವ ಸೆನ್ಸರನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ. ಜೋಡಣೆಯಲ್ಲಿ ಸೋರಿಕೆ ತಡೆಯುವ ಹಳೆಯ ಓ-ರಿಂಗ್ (ರಬ್ಬರ್ ಬಳೆ) ಬದಲಿಸಿ, ಮೊದಲು ಪಂಪ್ ಮಾತ್ರ ಓಡಿಸಿ ಸೋರಿಕೆ ಇದೆಯೇ ನೋಡಿದ ಬಳಿಕ ಕ್ಲೋರಿನೇಟರ್ ಚಾಲೂ ಮಾಡಿ.

ಕೊಳ ಆಗಲೇ ಹಸಿರಾಗಿದ್ದರೆ ಅದನ್ನು ತಿಳಿಗೊಳಿಸುವ ಭಾರವನ್ನು ಹೊಸ ಸೆಲ್ಲಿನ ಮೇಲೆ ಹೊರಿಸದೆ, ದ್ರವ ಕ್ಲೋರಿನ್ ಹಾಕಿ ನೀರು ತಿಳಿಯಾದ ನಂತರ ಸೆಲ್ಲನ್ನು ದಿನನಿತ್ಯದ ಕೆಲಸಕ್ಕೆ ಹಚ್ಚಿ.